ಬಳ್ಳಾರಿ ರಸ್ತೆಯ ಗಾಡಿ ಕೂಟಗಳು

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಗಾಡಿಗಳನ್ನು ಒಂದೆಡೆ ಕಲೆಹಾಕಿ, ನಿಲ್ಲಿಸಿ, ಸುತ್ತ ನಿಂತು ನೋಡಿ ಸಂತೋಷಪಡುವ ರೂಢಿ ಮೋಟಾರು ಕ್ಲಬ್ಬುಗಳಿಗಿಂತ ಬಹಳ ಹಳೆಯದು. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯ ದಾರಿ ಮುಂದೆ ಕವಲೊಡೆಯುತ್ತದೆ. ಒಂದು ದೊಡ್ಡಬಳ್ಳಾಪುರ, ಘಾಟಿಯ ಕಡೆಗೆ. ಇನ್ನೊಂದು ದೇವನಹಳ್ಳಿ, ನಂದಿಬೆಟ್ಟದ ಕಡೆಗೆ. ಎತ್ತಿನ ಗಾಡಿ, ಜಾವಾ ಬೈಕು, ಯುದ್ಧವಿಮಾನ ಮೂರಕ್ಕೂ ಈ ದಾರಿಯ ಬದಿಯಲ್ಲೇ ಜನ ನೆರೆದಿದ್ದಾರೆ. ಈ ಕೂಟಗಳ ಚರಿತ್ರೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಜನ ಬರುವುದು ಮೆಚ್ಚಿನ ಗಾಡಿಯನ್ನು ನೋಡಲು, ಆದರೆ ಕೂಟದ ಸೋಲು ಗೆಲುವು ತೀರ್ಮಾನವಾಗುವುದು ಅವರು ಏರಿ ಬಂದ ಗಾಡಿಗಳನ್ನು ನಿಲ್ಲಿಸುವ ಬಯಲಿನಲ್ಲಿ.

ಎಲ್ಲಕ್ಕಿಂತ ಹಳೆಯದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಕ್ಷೇತ್ರದಲ್ಲಿ ಪುಷ್ಯ ಶುದ್ಧ ಷಷ್ಠಿಯಂದು ಬ್ರಹ್ಮರಥೋತ್ಸವ ನಡೆಯುತ್ತದೆ. ಅದರ ಆಸುಪಾಸಿನಲ್ಲಿ, ಡಿಸೆಂಬರ್-ಜನವರಿಯ ಚಳಿಯಲ್ಲಿ, ಸುತ್ತಲ ಬಯಲು ಮತ್ತು ತೋಪುಗಳಲ್ಲಿ ರಾಸುಗಳು ಸೇರುತ್ತವೆ. ಕರ್ನಾಟಕದ ಜಿಲ್ಲೆಗಳಿಂದಲ್ಲದೆ ಆಂಧ್ರ, ತಮಿಳುನಾಡಿನಿಂದಲೂ ಕೊಳ್ಳುವವರು ಬರುತ್ತಾರೆ. ಇಲ್ಲಿ ಮೆರೆಯುವುದು ಹಳ್ಳಿಕಾರ್ ತಳಿ. 2000ದಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿತ್ತು. ನೇಗಿಲಿಗೂ ಸೈ, ಗಾಡಿಗೂ ಸೈ ಎನ್ನಿಸಿಕೊಂಡ ಈ ಎತ್ತುಗಳನ್ನು ಸಾಕುವುದು ರೈತನಿಗೆ ಬರೀ ಬೇಸಾಯದ ಲೆಕ್ಕವಲ್ಲ. ಒಳ್ಳೆಯ ಜೋಡಿಗೆ ಕೊಂಬು ನಯಮಾಡಿ, ಕೊಂಬಣಸು ಹಾಕಿ, ಬೆನ್ನಿಗೆ ಝೂಲು ಹೊದಿಸಿ, ಓಲಗ ಊದಿಸಿಕೊಂಡು ಜಾತ್ರೆಗೆ ಕರೆತರುವುದು ಮನೆತನದ ಹೆಮ್ಮೆ.

ವ್ಯಾಪಾರದ ಕ್ರಮವೂ ನೋಡತಕ್ಕದ್ದು. ಕೊಳ್ಳುವವನು ಮೊದಲು ಎತ್ತಿನ ತುಟಿ ಎತ್ತಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದ್ದೋ ಎಂಬುದರ ಮೇಲೆ ವಯಸ್ಸು ತಿಳಿಯುತ್ತದೆ. ಆಮೇಲೆ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ಊರುವ ರೀತಿ ಗಮನಿಸುತ್ತಾನೆ. ಬೆಲೆಯ ಮಾತು ಬಾಯಲ್ಲಿ ಬರುವುದಿಲ್ಲ. ದಲ್ಲಾಳಿಯೂ ಕೊಳ್ಳುವವನೂ ಒಂದು ಟವಲಿನ ಮರೆಯಲ್ಲಿ ಕೈ ಹಿಡಿದು, ಬೆರಳುಗಳನ್ನು ಒತ್ತಿ ಮೊತ್ತ ತಿಳಿಸಿಕೊಳ್ಳುತ್ತಾರೆ. ಸುತ್ತ ಹತ್ತಾರು ಜನ ನಿಂತಿದ್ದರೂ ಬೆಲೆ ಇಬ್ಬರಿಗೆ ಮಾತ್ರ ಗೊತ್ತು.

ಸಾವಿರಾರು ರಾಸುಗಳು, ಅವುಗಳ ಜೊತೆ ಬಂದ ಮನುಷ್ಯರು ವಾರಗಟ್ಟಲೆ ತಂಗುವ ಜಾಗದಲ್ಲಿ ನೆರಳು, ಕುಡಿಯುವ ನೀರು, ಹುಲ್ಲು, ದೀಪ, ಪಶುವೈದ್ಯರು ಇಷ್ಟೂ ಇರಲೇಬೇಕು. ಒಂದು ತಪ್ಪಿದರೂ ಜಾತ್ರೆ ಕೆಡುತ್ತದೆ. ದೇವಸ್ಥಾನ ಮತ್ತು ತಾಲ್ಲೂಕು ಆಡಳಿತದ ಕೆಲಸ ರಥ ಎಳೆಸುವುದರಲ್ಲಿ ಮುಗಿಯುವುದಿಲ್ಲ, ತೊಟ್ಟಿಗಳಲ್ಲಿ ನೀರು ತುಂಬಿರುವಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದ ಹಲವೆಡೆ ಜಾನುವಾರು ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಹಿಂದೆ ಎತ್ತು ತಾನೇ ಗಾಡಿ ಎಳೆದುಕೊಂಡು ಘಾಟಿಗೆ ಬರುತ್ತಿತ್ತು. ಈಗ ಅದು ಕ್ಯಾಂಟರಿನಲ್ಲೋ ಟಾಟಾ ಏಸ್‌ನಲ್ಲೋ ನಿಂತು ಬರುತ್ತದೆ. ಹಾಗಾಗಿ ರಾಸಿಗೆ ಗೂಟ ಹೊಡೆಯುವಷ್ಟೇ ಜಾಗ ಅದನ್ನು ತಂದ ವಾಹನಕ್ಕೂ ಬೇಕಾಗಿದೆ.

ಮೋಟಾರು ಯುಗದಲ್ಲಿ ವಾಹನಪ್ರಿಯರ ಸಂಘಗಳು ಹುಟ್ಟಿದ್ದು ಬೇರೆ ಬೇರೆ ನಾಡಿನಲ್ಲಿ ಬೇರೆ ಬೇರೆ ಗಾಡಿಯ ಸುತ್ತ. ಅಮೆರಿಕದಲ್ಲಿ 1970ರ ದಶಕದಲ್ಲಿ ವ್ಯಾನುಗಳಿಗೆ ಬಣ್ಣ ಬಳಿದು, ಒಳಗೆ ಹಾಸಿಗೆ ಹಾಕಿಸಿ, ಬಯಲಿನಲ್ಲಿ ದಿನಗಟ್ಟಲೆ ಬೀಡುಬಿಡುವ ಗೀಳು ಹಬ್ಬಿ, ದೇಶಮಟ್ಟದ ಕೂಟಗಳೇ ಶುರುವಾದವು. ಕರ್ನಾಟಕದಲ್ಲಿ ವ್ಯಾನಿನ ಬಾಳು ಬೇರೆ. ಬಜಾಜ್ ಟೆಂಪೊ ಕಂಪನಿಯ ಮ್ಯಾಟಡಾರ್ ತರಕಾರಿಯನ್ನೂ ಮದುವೆ ದಿಬ್ಬಣವನ್ನೂ ಹೊತ್ತಿತು. 1984ರಲ್ಲಿ ಬಂದ ಮಾರುತಿ ವ್ಯಾನು, ಮುಂದೆ ಓಮ್ನಿ ಎಂದು ಹೆಸರಾದದ್ದು, 2019ರಲ್ಲಿ ತಯಾರಿಕೆ ನಿಲ್ಲುವವರೆಗೂ ಶಾಲಾ ಮಕ್ಕಳನ್ನು, ರೋಗಿಗಳನ್ನು, ಹಾಲಿನ ಕ್ರೇಟುಗಳನ್ನು ಸಾಗಿಸಿತು. ಭಾನುವಾರವೂ ದುಡಿಯುವ ಗಾಡಿಯ ಸುತ್ತ ಕ್ಲಬ್ಬು ಕಟ್ಟುವ ಬಿಡುವು ಯಾರಿಗೂ ಇರಲಿಲ್ಲ. ಇಲ್ಲಿನವರ ಅಕ್ಕರೆ ಗಳಿಸಿದ್ದು ಮೈಸೂರಿನಲ್ಲಿ ತಯಾರಾದ ಜಾವಾ ಮೋಟಾರುಬೈಕು.

ಜಾವಾ ಕಂಪನಿ ಶುರುವಾದದ್ದು 1929ರಲ್ಲಿ, ಪ್ರಾಗ್ ನಗರದಲ್ಲಿ. ಅದರ ಬೈಕುಗಳನ್ನು ಭಾರತದಲ್ಲೇ ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದಿಂದ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಶುರುವಾಯಿತು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಅದೇ ಕಾರ್ಖಾನೆಯ ಬೈಕು ಯೆಜ್ಡಿ ಎಂದಾಯಿತು. 1978ರಲ್ಲಿ ಬಂದ ರೋಡ್‌ಕಿಂಗ್ ಅದರ ಹೆಸರುವಾಸಿ ಮಾದರಿ. ಹೆಚ್ಚು ಮೈಲೇಜು ಕೊಡುವ ಜಪಾನಿ ತಂತ್ರಜ್ಞಾನದ ನೂರು ಸಿಸಿ ಬೈಕುಗಳ ಎದುರು ನಿಲ್ಲಲಾರದೆ 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಈ ಬೈಕಿನ ಒಂದು ವಿಶೇಷವನ್ನು ಹತ್ತಿರದಿಂದ ನೋಡಿದರೆ ಅಭಿಮಾನದ ಬೇರು ತಿಳಿಯುತ್ತದೆ. ಕಿಕ್ಕರಿಗೂ ಗೇರಿಗೂ ಒಂದೇ ಸನ್ನೆ. ಅದನ್ನು ಒಳಗೊತ್ತಿ ಮೇಲೆತ್ತಿದರೆ ಕಿಕ್ಕರ್. ಬೈಕು ಸ್ಟಾರ್ಟ್ ಆದಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರು. ಗೇರು ಬದಲಿಸುವಾಗ ಸನ್ನೆಯೇ ಒಳಗಿನ ಕ್ಲಚ್ಚನ್ನು ಬಿಡಿಸುವುದರಿಂದ ಕೈಯಲ್ಲಿ ಕ್ಲಚ್ ಹಿಡಿಯದೆಯೂ ಪಳಗಿದವರು ಓಡಿಸಬಲ್ಲರು. ಟೂ-ಸ್ಟ್ರೋಕ್ ಎಂಜಿನ್ನಾದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಎರಡು ಸೈಲೆನ್ಸರುಗಳಿಂದ ಬರುವ ಅದರ ಸದ್ದನ್ನು ಬೀದಿಯ ಆ ತುದಿಯಲ್ಲೇ ಗುರುತಿಸುವವರಿದ್ದಾರೆ. ಬಿಡಿಭಾಗ ಬೇಕಾದರೆ ಜೆ.ಸಿ. ರಸ್ತೆಯ ಅಂಗಡಿಗಳನ್ನು, ಶಿವಾಜಿನಗರದ ಗುಜರಿಗಳನ್ನು ಅಲೆಯಬೇಕು. ಹೀಗೆ ಅಲೆಯುವವರ ಪರಸ್ಪರ ಪರಿಚಯದಿಂದಲೇ ಸಂಘಗಳು ಬೆಳೆದವು. ಬೆಂಗಳೂರು ಜಾವಾ ಯೆಜ್ಡಿ ಮೋಟಾರ್‌ಸೈಕಲ್ ಕ್ಲಬ್ ಈ ಶತಮಾನದ ಮೊದಲ ದಶಕದಲ್ಲಿ, ಕಾರ್ಖಾನೆ ಮುಚ್ಚಿ ಹಲವು ವರ್ಷಗಳಾದ ಮೇಲೆ ಹುಟ್ಟಿತು. ತಯಾರಿಕೆ ನಿಂತ ಬೈಕಿಗೆ ಇಷ್ಟು ಗಟ್ಟಿ ಬಳಗ ಸಿಕ್ಕಿದ್ದು ಕರ್ನಾಟಕದ ಕೈಗಾರಿಕಾ ಚರಿತ್ರೆಯಲ್ಲಿ ಅಪರೂಪದ ಮಾತು. 2018ರ ನವೆಂಬರಿನಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಹೊಸ ಕಂಪನಿಯ ಕೈಯಲ್ಲಿ ಮತ್ತೆ ಮಾರುಕಟ್ಟೆಗೆ ಬಂದುದಕ್ಕೆ ಈ ಬಳಗಗಳು ಉಳಿಸಿಟ್ಟ ನೆನಪೂ ಕಾರಣ.

ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಬೆಂಗಳೂರಿನಲ್ಲೂ ಅಂದು ನೂರಾರು ಬೈಕುಗಳು ಸೇರುತ್ತವೆ. ಇಂಥ ಕೂಟದ ಬೆನ್ನೆಲುಬು ಸರಳ: ದೊಡ್ಡ ಮೈದಾನ, ಮೈದಾನದ ಒಡೆಯರ ಒಪ್ಪಿಗೆ, ಪೊಲೀಸರ ಅನುಮತಿ, ಬೆಳಗಿನ ತಿಂಡಿ. ಹಳೆಯ ಮಾದರಿಗಳನ್ನು ಒಂದು ಸಾಲಿನಲ್ಲಿ, ಹೊಸವನ್ನು ಇನ್ನೊಂದು ಸಾಲಿನಲ್ಲಿ ನಿಲ್ಲಿಸಿದರೆ ನೋಡುವವರಿಗೆ ಕಾಲಕ್ರಮ ತಾನೇ ತಿಳಿಯುತ್ತದೆ. ‘ಕೆಎ’ ಅಕ್ಷರಗಳು ಬರುವ ಮುಂಚಿನ ನಂಬರು ಫಲಕವಿರುವ ಬೈಕಿನ ಸುತ್ತ ಜನ ಹೆಚ್ಚು. ಹದಿನೈದು ವರ್ಷ ದಾಟಿದ ಗಾಡಿಗೆ ಆರ್‌ಟಿಒದಲ್ಲಿ ನೋಂದಣಿ ನವೀಕರಿಸಿ, ಹಸಿರು ತೆರಿಗೆ ಕಟ್ಟಿ ದಾಖಲೆ ಚೊಕ್ಕಟವಾಗಿಟ್ಟಿರುವುದು ಮಾಲೀಕನಿಗೆ ಬಣ್ಣ ಬಳಿಸಿದಷ್ಟೇ ಗೌರವದ ವಿಷಯ.

ಇದಕ್ಕೆ ವಿರುದ್ಧವಾದದ್ದು ಆಯೋಜಕರೇ ಇಲ್ಲದ ನಂದಿಬೆಟ್ಟದ ಭಾನುವಾರದ ಸವಾರಿ. ಬೆಳಗಿನ ಜಾವ ಹೆಬ್ಬಾಳದ ಮೇಲ್ಸೇತುವೆ ದಾಟಿ ಗುಂಪುಗುಂಪಾಗಿ ಹೊರಡುವ ಬೈಕು, ಕಾರುಗಳು ಸೂರ್ಯೋದಯಕ್ಕೆ ಬೆಟ್ಟದ ಗೇಟಿನ ಮುಂದೆ ಒಟ್ಟಾಗುತ್ತಿದ್ದವು. ಗೇಟಿನಿಂದ ಕೆಳಗೆ ತಿರುವುಗಳವರೆಗೂ ಸಾಲು ಬೆಳೆಯುತ್ತಿತ್ತು. 2021ರ ಆಗಸ್ಟಿನಲ್ಲಿ ಭೂಕುಸಿತದಿಂದ ಬೆಟ್ಟದ ರಸ್ತೆ ಕೊಚ್ಚಿಹೋಗಿ ಪ್ರವೇಶ ನಿಂತಿತು. ಡಿಸೆಂಬರಿನಲ್ಲಿ ಮತ್ತೆ ತೆರೆದಾಗ ವಾಹನಗಳ ಸಂಖ್ಯೆಗೆ ಮಿತಿ ಬಂತು. ಹೊಣೆ ಹೊರುವವರಿಲ್ಲದ ಕೂಟಕ್ಕೆ ಕೊನೆಗೆ ಸರ್ಕಾರವೇ ಲಗಾಮು ಹಾಕಬೇಕಾಗುತ್ತದೆ.

ನಗರದ ಉತ್ತರ ಭಾಗಕ್ಕೆ ಯಂತ್ರಗಳ ದೊಡ್ಡ ಮೇಳಗಳೂ ಹೊಸವಲ್ಲ. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ರೈತರು ಬಸ್ಸು, ಟೆಂಪೊ ಮಾಡಿಕೊಂಡು ಬಂದು ಟ್ರ್ಯಾಕ್ಟರು, ಟಿಲ್ಲರುಗಳನ್ನು ಮುಟ್ಟಿ ನೋಡಿ ಹೋಗುತ್ತಾರೆ. ಯಶವಂತಪುರದಾಚೆ, ತುಮಕೂರು ರಸ್ತೆಯ ಮಾದಾವರದಲ್ಲಿ 2007ರಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ತೆರೆಯಿತು. ಜೆಸಿಬಿ, ಕ್ರೇನುಗಳ ‘ಎಕ್ಸ್‌ಕಾನ್’ ಮೇಳ ನಡೆಯುವುದು ಅಲ್ಲೇ.

ಆದರೆ ಎಲ್ಲವನ್ನೂ ಮೀರಿಸಿದ್ದು ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ. ಇಲ್ಲಿನ ಓಡುದಾರಿಯ ಚರಿತ್ರೆ ಎರಡನೇ ಮಹಾಯುದ್ಧದ್ದು. ಬರ್ಮಾ ರಣರಂಗಕ್ಕೆಂದು ಬ್ರಿಟಿಷ್ ವಾಯುಪಡೆ ತನ್ನ ಪೈಲಟುಗಳಿಗೆ ಥಂಡರ್‌ಬೋಲ್ಟ್ ವಿಮಾನ ಹಾರಿಸುವುದನ್ನು ಕಲಿಸಿದ್ದು ಯಲಹಂಕದಲ್ಲಿ. ಭಾರತೀಯ ವಾಯುಪಡೆಯ ನೆಲೆ ಇಲ್ಲಿ 1963ರಿಂದ ಇದೆ. 1996ರ ಡಿಸೆಂಬರಿನಲ್ಲಿ ಮೊದಲ ಏರೋ ಇಂಡಿಯಾ, 1998ರ ಡಿಸೆಂಬರಿನಲ್ಲಿ ಎರಡನೆಯದು ನಡೆದವು. 2001ರಿಂದ ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ ನಡೆಯುತ್ತಾ ಬಂದು, 2025ರ ಫೆಬ್ರುವರಿ 10ರಿಂದ 14ರವರೆಗೆ ಹದಿನೈದನೆಯ ಪ್ರದರ್ಶನವಾಯಿತು. ರಷ್ಯಾದ ಸು-57, ಅಮೆರಿಕದ ಎಫ್-35 ಎರಡೂ ಒಂದೇ ನೆಲದಲ್ಲಿ ಕಾಣಿಸಿಕೊಂಡದ್ದು ಆ ವರ್ಷದ ದೊಡ್ಡ ಸುದ್ದಿ. ರಕ್ಷಣಾ ಸಚಿವಾಲಯಕ್ಕೆ ಇದು ವ್ಯಾಪಾರದ ಮೇಳ. ಬೆಂಗಳೂರಿನವರಿಗೆ ಮಾತ್ರ ವಾಯುಪಡೆಯ ಸೂರ್ಯಕಿರಣ್ ತಂಡ ಆಕಾಶದಲ್ಲಿ ಗೆರೆ ಎಳೆಯುವುದನ್ನು ಮಕ್ಕಳಿಗೆ ತೋರಿಸುವ ಹಬ್ಬ. ಟಿಕೆಟ್ ಕೊಂಡವರು ಓಡುದಾರಿಯ ಪಕ್ಕದ ವೀಕ್ಷಣಾ ಪ್ರದೇಶದಲ್ಲಿ ಬಿಸಿಲಿಗೆ ಟೋಪಿ ಹಾಕಿ ಕೂರುತ್ತಾರೆ. ಕೊಳ್ಳದವರು ಹುಣಸಮಾರನಹಳ್ಳಿಯ ಕಡೆ ರಸ್ತೆ ಬದಿಯಲ್ಲಿ, ಮನೆಗಳ ತಾರಸಿಯಲ್ಲಿ ನಿಲ್ಲುತ್ತಾರೆ.

ಏರೋ ಇಂಡಿಯಾ ನಡೆಸಲು ಇಡೀ ನಗರದ ಉತ್ತರ ಭಾಗವೇ ತನ್ನ ದಿನಚರಿ ಬದಲಿಸಬೇಕು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಪ್ರದರ್ಶನದ ಹೊತ್ತಿನಲ್ಲಿ ಅಲ್ಲಿನ ಸಂಚಾರವನ್ನು ಕೆಲವು ಗಂಟೆ ನಿಲ್ಲಿಸಬೇಕಾಗಿ ಬಂತು. ಮಾಂಸದ ಚೂರುಗಳಿಗೆ ಹದ್ದುಗಳು ಬರುತ್ತವೆ, ಹದ್ದು ಎಂಜಿನ್ನಿಗೆ ಬಡಿದರೆ ವಿಮಾನಕ್ಕೆ ಗಂಡಾಂತರ. ಆದ್ದರಿಂದ 2025ರಲ್ಲಿ ಜನವರಿ 23ರಿಂದ ಫೆಬ್ರುವರಿ 17ರವರೆಗೆ ವಾಯುನೆಲೆಯ ಸುತ್ತ 13 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನು ಪಾಲಿಕೆ ನಿಷೇಧಿಸಿತು. 2023ರಲ್ಲಿ ಈ ವ್ಯಾಪ್ತಿ 10 ಕಿ.ಮೀ. ಇತ್ತು. ಮೂರು ವಾರಕ್ಕೂ ಹೆಚ್ಚು ಅಂಗಡಿ ಮುಚ್ಚುವ ಕಸಾಯಿಯ, ಹೋಟೆಲಿನವನ ನಷ್ಟವೂ ಈ ಹಬ್ಬದ ಖರ್ಚಿನಲ್ಲಿ ಸೇರಬೇಕು. ಅವರಿಗೆ ಪರಿಹಾರದ ಏರ್ಪಾಟು ಇರುವುದೇ ನ್ಯಾಯ.

ಪ್ರದರ್ಶನ ಸಾವುಗಳನ್ನೂ ಕಂಡಿದೆ. 2007ರ ಫೆಬ್ರುವರಿ 2ರಂದು ತಾಲೀಮಿನಲ್ಲಿ ಸಾರಂಗ್ ತಂಡದ ಧ್ರುವ ಹೆಲಿಕಾಪ್ಟರ್ ಬಿದ್ದು ಒಬ್ಬ ಪೈಲಟ್ ತೀರಿಕೊಂಡರು. 2019ರ ಫೆಬ್ರುವರಿ 19ರಂದು ಸೂರ್ಯಕಿರಣ್ ತಂಡದ ಎರಡು ವಿಮಾನಗಳು ತಾಲೀಮಿನಲ್ಲೇ ಡಿಕ್ಕಿಯಾಗಿ ಮತ್ತೊಬ್ಬರು ಪ್ರಾಣ ಕಳೆದುಕೊಂಡರು. ಅದಾಗಿ ನಾಲ್ಕೇ ದಿನಕ್ಕೆ, 23ರ ಶನಿವಾರ, ಐದನೇ ಗೇಟಿನ ಬಳಿಯ ವಾಹನ ನಿಲುಗಡೆ ಬಯಲಿನಲ್ಲಿ ಬೆಂಕಿ ಎದ್ದಿತು. ಮಾಘದ ಬಿಸಿಲಿಗೆ ಒಣಗಿದ ಹುಲ್ಲು, ಅದರ ಮೇಲೆ ಒತ್ತೊತ್ತಾಗಿ ನಿಂತ ಕಾರುಗಳು, ಬೀಸುವ ಗಾಳಿ. ಒಂದು ಕಾರಿನಿಂದ ಇನ್ನೊಂದಕ್ಕೆ ಹಾರಿದ ಬೆಂಕಿಗೆ ಸುಮಾರು 300 ಕಾರುಗಳು ಸುಟ್ಟುಹೋದವು. ಕಪ್ಪು ಹೊಗೆ ಓಡುದಾರಿಯ ಕಡೆ ಕುಳಿತವರಿಗೂ ಕಾಣಿಸಿತು. ಜೀವಹಾನಿ ಆಗಲಿಲ್ಲ ಎಂಬುದೊಂದೇ ಸಮಾಧಾನ. ಆಕಾಶದಲ್ಲಿ ನಡೆಯುವುದಕ್ಕೆ ವರ್ಷಗಟ್ಟಲೆ ತಯಾರಿ ಮಾಡಿದ ಕೂಟ ನೆಲದ ಹುಲ್ಲು ಕೊಯ್ಯಿಸುವುದರಲ್ಲಿ, ಕಾರುಗಳ ನಡುವೆ ಅಗ್ನಿಶಾಮಕ ವಾಹನ ನುಗ್ಗುವಷ್ಟು ದಾರಿ ಬಿಡುವುದರಲ್ಲಿ ಎಡವಿತ್ತು.

ಆ ಬಳಿಕದ ಪ್ರದರ್ಶನಗಳಲ್ಲಿ ಸ್ವಂತ ವಾಹನಗಳನ್ನು ವಾಯುನೆಲೆಯಿಂದ ದೂರದಲ್ಲೇ ತಡೆಯುವ ಪದ್ಧತಿಗೆ ಒತ್ತು ಬಂತು. 2023 ಮತ್ತು 2025ರಲ್ಲಿ ಜಿಕೆವಿಕೆ ಆವರಣ ಹಾಗೂ ಜಕ್ಕೂರು ವಿಮಾನ ಮೈದಾನದಲ್ಲಿ ಉಚಿತವಾಗಿ ವಾಹನ ನಿಲ್ಲಿಸಿ, ಅಲ್ಲಿಂದ ಬಿಎಂಟಿಸಿ ಬಸ್ಸಿನಲ್ಲಿ ಹೋಗುವ ವ್ಯವಸ್ಥೆ ಇತ್ತು. 1948ರಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಗೆ ನೆಲೆಯಾಗಿರುವ ಜಕ್ಕೂರಿನ ಬಯಲು, ರೈತರ ಮೇಳಕ್ಕೆ ಪಳಗಿದ ಜಿಕೆವಿಕೆ ಆವರಣ ಎರಡೂ ಹೀಗೆ ಏರೋ ಇಂಡಿಯಾದ ಅಂಗಳಗಳಾದವು. ಹೆಬ್ಬಾಳದಿಂದ ಯಲಹಂಕದವರೆಗೆ ಅಪಾರ್ಟ್‌ಮೆಂಟುಗಳು ತುಂಬಿದ ಮೇಲೆ ಈ ಎರಡು ಬಯಲುಗಳಷ್ಟು ದೊಡ್ಡ ಖಾಲಿ ಜಾಗ ಆ ರಸ್ತೆಯಲ್ಲಿ ವಿರಳ.

ವಾಹನಗಳಷ್ಟೇ ಜನಸಂದಣಿಯನ್ನು ನಿಭಾಯಿಸುವುದೂ ಕೂಟದ ಹೊಣೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಬಳಿಕ, ಜನಸಂದಣಿ ನಿಯಂತ್ರಣಕ್ಕೆ ಪ್ರತ್ಯೇಕ ವಿಧೇಯಕವನ್ನು ರಾಜ್ಯ ಸರ್ಕಾರ ಅದೇ ವರ್ಷ ಮಂಡಿಸಿತು. ವಾಹನ ನಿಲುಗಡೆಯ ಹೊರೆ ಇಳಿಸುವ ಕೆಲಸದಲ್ಲಿ ಮಾದಾವರ ಮುಂದಿದೆ: 2024ರ ನವೆಂಬರ್ 7ರಂದು ನಾಗಸಂದ್ರದಿಂದ ಅಲ್ಲಿಗೆ ಮೆಟ್ರೊ ಬಂದಿದ್ದರಿಂದ ವಸ್ತುಪ್ರದರ್ಶನ ಕೇಂದ್ರಕ್ಕೆ ಸ್ವಂತ ಗಾಡಿ ತರಲೇಬೇಕೆಂಬ ಅಗತ್ಯ ಉಳಿದಿಲ್ಲ. ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊದ ನೀಲಿ ಮಾರ್ಗದ ಯೋಜನೆಯಲ್ಲಿ ಯಲಹಂಕಕ್ಕೂ ಒಂದು ನಿಲ್ದಾಣವಿದೆ.