ಹೊಗೆ ನೋಡಿ ರೋಗ ಹೇಳುತ್ತಿದ್ದವರು

ನಾನು ಈ ಕಸುಬಿಗೆ ಬಿದ್ದ ಕಾಲದಲ್ಲಿ ಮಿಸ್ತ್ರಿಗಳು ಬಾನೆಟ್ ಎತ್ತುವ ಮೊದಲು ಸೈಲೆನ್ಸರ್ ನೋಡುತ್ತಿದ್ದರು. ಕರಿ ಹೊಗೆ ಬಂದರೆ ಏರ್ ಕ್ಲೀನರ್ ಕಟ್ಟಿದೆ, ಇಲ್ಲವೇ ಪಂಪು ಡೀಸೆಲ್ ಜಾಸ್ತಿ ಕೊಡುತ್ತಿದೆ. ನೀಲಿ ಬಂದರೆ ರಿಂಗ್ ಸವೆದು ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಸಂಡೂರಿನ ಗಣಿಗಳಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಗುಡ್ಡದ ಆಚೆ ಬದಿಯಿಂದ ಎದ್ದ ಹೊಗೆ ಕಂಡೇ "ಮೂರನೇ ನಾಝಲ್ ಹೋಗೈತಿ" ಅನ್ನುತ್ತಿದ್ದರು. ಮೂರನೆಯದೇ ಅನ್ನುವುದರಲ್ಲಿ ಅರ್ಧ ಬಡಾಯಿ ಇರಬೇಕು. ನಾಝಲ್ ಮಾತ್ರ ಖಂಡಿತ ಹೋಗಿರುತ್ತಿತ್ತು.

ಆ ವಿದ್ಯೆಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ನೆಲವೇ ಇತ್ತು. 1964ರಲ್ಲಿ ಹುಟ್ಟಿದ ಬಿಇಎಂಎಲ್ ಕೆಜಿಎಫ್‌ನಲ್ಲಿ ಡೋಜರ್, ಆಮೇಲೆ ಮೈಸೂರಿನಲ್ಲಿ ಡಂಪರ್ ಮಾಡಿತು. ಧಾರವಾಡದಲ್ಲೂ ಎಕ್ಸ್‌ಕವೇಟರ್ ಕಾರ್ಖಾನೆ ಬಂತು. ಎಂಜಿನ್‌ಗಳೆಲ್ಲ ಮೆಕ್ಯಾನಿಕಲ್ ಪಂಪಿನವು. ಪಾನಾ, ಸ್ಕ್ರೂಡ್ರೈವರ್, ಕಿವಿ, ಮೂಗು ಇದ್ದರೆ ಸಾಕು. ಕೈ ಕಪ್ಪಾದಷ್ಟೂ ಮಿಸ್ತ್ರಿಗೆ ಮರ್ಯಾದೆ.

ಹೊಗೆ ಕಡಿಮೆಯಾದದ್ದು ಮೆಲ್ಲಗೆ. ಇಂಧನವನ್ನು ಚೆನ್ನಾಗಿ, ಹೆಚ್ಚು ಬಿಸಿಯಲ್ಲಿ ಸುಟ್ಟರೆ ಮಸಿ ಇಳಿಯುತ್ತದೆ, ಆದರೆ ಅದೇ ಬಿಸಿಗೆ ಗಾಳಿಯ ನೈಟ್ರೋಜನ್ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಕಣ್ಣಿಗೆ ಕಾಣುವ ವಿಷ ಹೋಗಿ ಕಾಣದ ವಿಷ ಬಂತು ಅನ್ನಿ. ಇದಕ್ಕೆ ಮದ್ದು ಕಂಡುಕೊಂಡದ್ದು ವಾಹನದವರಲ್ಲ. 1970ರ ದಶಕದಲ್ಲಿ ಜಪಾನಿನ ವಿದ್ಯುತ್ ಸ್ಥಾವರಗಳಿಗಾಗಿ ಬೆಳೆಸಿದ ವಿಧಾನ ಅದು: ಹೊಗೆಗೆ ಅಮೋನಿಯ ಬೆರೆಸಿ ಕ್ಯಾಟಲಿಸ್ಟ್ ಮೂಲಕ ಹಾಯಿಸಿದರೆ ಕೊನೆಗೆ ಉಳಿಯುವುದು ನೈಟ್ರೋಜನ್ ಮತ್ತು ನೀರು. ಓಡುವ ಗಾಡಿಯಲ್ಲಿ ಅಮೋನಿಯ ಹೊರುವುದು ಅಪಾಯ ಅಂತ ಅದರ ಬದಲು ಯೂರಿಯಾ ನೀರು ಬಂತು. ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ನಾವು ಡಿಇಎಫ್ ಅನ್ನುವುದು ಇದಕ್ಕೇ.

ನಮ್ಮಲ್ಲಿ ಟಿಪ್ಪರ್, ಲಾರಿಗಳ ಜೊತೆ ಮೊದಲು ಬಂತು. 2020ರ ಏಪ್ರಿಲ್‌ನ ಬಿಎಸ್-6 ಆದಮೇಲೆ ಪೆಟ್ರೋಲ್ ಬಂಕಿನಲ್ಲೆಲ್ಲ ಕ್ಯಾನುಗಳ ಸಾಲು. ನಿರ್ಮಾಣ ಯಂತ್ರಗಳಿಗೆ ನಾಲ್ಕನೇ ಹಂತದ ನಿಯಮ ಜಾರಿಯಾದದ್ದು 2021ರ ಏಪ್ರಿಲ್‌ನಲ್ಲಿ, ಅದೂ ಟೈರಿನ ಮೇಲೆ ಓಡುವ ಯಂತ್ರಗಳಿಗೆ. 56 ಕಿಲೋವ್ಯಾಟ್‌ಗಿಂತ ಸಣ್ಣ ಎಂಜಿನ್ನಿಗೆ ಮಿತಿ ಸಡಿಲ, ಹಾಗಾಗಿ ಊರೂರು ತಿರುಗುವ ಬ್ಯಾಕ್‌ಹೋಗಳಲ್ಲಿ ಬಹಳಷ್ಟು ಬಚಾವಾದವು. ಸಿಕ್ಕಿಬಿದ್ದದ್ದು ದೊಡ್ಡ ಲೋಡರ್, ಗ್ರೇಡರ್‌ಗಳು. ನಮ್ಮ ಪಾಡು ಶುರುವಾದದ್ದೂ ಅಲ್ಲಿಂದಲೇ.

ಕೊಪ್ಪಳದ ಹತ್ತಿರ ಒಂದು ಜಲ್ಲಿ ಕ್ರಷರ್‌ನಿಂದ ಫೋನು. "ಮಿಸ್ತ್ರಿ, ಗಾಡಿ ಎಳೀವಲ್ದು ನೋಡ್ರಿ. ಬಕೆಟ್ ಏಳ್ತದ, ಮುಂದಕ್ಕ ಹೋಗವಲ್ದು." ಹೋಗಿ ನೋಡಿದರೆ ಲೋಡರಿನಲ್ಲಿ ಹಳದಿ ದೀಪ, ಎಂಜಿನ್ ತಾನೇ ಶಕ್ತಿ ಇಳಿಸಿಕೊಂಡಿದೆ. ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲ, ಹಳೇ ವಿದ್ಯೆಗೆ ಅಲ್ಲಿ ಕೆಲಸವೇ ಇಲ್ಲ. ಡೋಸಿಂಗ್ ನಾಝಲ್ ಬಿಚ್ಚಿದೆ. ತುದಿಯಲ್ಲಿ ಬಿಳೀ ಉಪ್ಪು ಗಂಟುಕಟ್ಟಿತ್ತು, ಗೋಡೆಗೆ ಸುಣ್ಣ ಹಿಡಿದ ಹಾಗೆ. ಟ್ಯಾಂಕಿನ ನೀರನ್ನು ರಿಫ್ರ್ಯಾಕ್ಟೋಮೀಟರಿಗೆ ಹಾಕಿದರೆ ಸರಿಯಾಗಿ 32ರ ಹತ್ತಿರ. ಮತ್ತೇನು ತಕರಾರು? ನೀಲಿ ಮುಚ್ಚಳ ತೆಗೆದು ಮೂಸಿ ನೋಡಿದೆ. ಬೇವಿನ ವಾಸನೆ.

ಇದಕ್ಕೂ ಒಂದು ಇತಿಹಾಸ ಇದೆ. ರೈತರಿಗೆ ರಿಯಾಯಿತಿಯಲ್ಲಿ ಕೊಡುವ ಯೂರಿಯಾ ಕಾರ್ಖಾನೆಗಳ ಪಾಲಾಗಬಾರದು, ಹೊಲದಲ್ಲೂ ನಿಧಾನಕ್ಕೆ ಕರಗಲಿ ಅಂತ ಕೇಂದ್ರ ಸರಕಾರ 2015ರಲ್ಲಿ ದೇಶದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯ ಮಾಡಿತು. ಕ್ರಷರ್‌ನಲ್ಲಿ ಯಾರೋ ಜಾಣರು ಅದೇ ಗೊಬ್ಬರದ ಚೀಲವನ್ನು ಬೋರ್‌ವೆಲ್ ನೀರಿನ ಡ್ರಮ್ಮಿಗೆ ಸುರಿದು ಕಲಸಿದ್ದರು. ಯೂರಿಯಾದ ಪ್ರಮಾಣ ಸರಿ ಇದ್ದದ್ದರಿಂದ ಮೀಟರ್ ಪಾಸು ಮಾಡಿತು. ಎಣ್ಣೆ ಮತ್ತು ನಮ್ಮ ಕಡೆಯ ಗಡಸು ನೀರಿನ ಕ್ಯಾಲ್ಸಿಯಂ ಹೋಗಿ ನಾಝಲ್ಲು, ಫಿಲ್ಟರು, ಕ್ಯಾಟಲಿಸ್ಟ್ ಹಿಡಿದವು. ಒಂದು ಕ್ಯಾನಿನ ದುಡ್ಡು ಉಳಿಸಲು ಹೋಗಿ ಡೋಸಿಂಗ್ ಯೂನಿಟ್ಟೇ ಕಳೆದುಕೊಂಡರು. ಇಂಥದ್ದನ್ನು ಉಳಿತಾಯ ಅನ್ನುವವರ ಮೇಲೆ ನನಗೆ ಕನಿಕರವೂ ಇಲ್ಲ.

ಎಲ್ಲ ಕೇಸಿನಲ್ಲೂ ಕಲಬೆರಕೆ ಇರುವುದಿಲ್ಲ. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ ಮೇಲೆ ಪಂಪು ಒಂದೆರಡು ನಿಮಿಷ ಓಡಿ ಪೈಪಿನಲ್ಲಿ ಉಳಿದ ಯೂರಿಯಾ ನೀರನ್ನು ಟ್ಯಾಂಕಿಗೆ ವಾಪಸ್ ಎಳೆದುಕೊಳ್ಳಬೇಕು. ನಮ್ಮ ಆಪರೇಟರ್‌ಗಳಿಗೆ ಬ್ಯಾಟರಿ ಕಳ್ಳರ ಭಯ. ಇಳಿದವರೇ ಮೊದಲು ಬ್ಯಾಟರಿ ಕಟ್‌ಆಫ್ ತಿರುಗಿಸುತ್ತಾರೆ. ಪಂಪು ಅರ್ಧಕ್ಕೇ ಸಾಯುತ್ತದೆ, ಪೈಪಿನ ನೀರು ಒಣಗಿ ಉಪ್ಪಾಗುತ್ತದೆ. ಹಳೆಯ ಗಾಡಿಗಳಲ್ಲಿ ಒಳ್ಳೆಯ ಅಭ್ಯಾಸ ಅನ್ನಿಸಿಕೊಂಡದ್ದು ಹೊಸ ಗಾಡಿಯಲ್ಲಿ ರೋಗವಾಯಿತು. ಎಸಿಗಾಗಿ ಗಂಟೆಗಟ್ಟಲೆ ಐಡಲ್ ಬಿಡುವುದೂ ಹಾಗೇ. ಸೈಲೆನ್ಸರ್ ತಣ್ಣಗಿದ್ದರೆ ಯೂರಿಯಾ ಪೂರ್ತಿ ಅಮೋನಿಯ ಆಗದೆ ಪೈಪಿನೊಳಗೆ ಕಲ್ಲುಗಟ್ಟುತ್ತದೆ. ಬರೀ ಯೂರಿಯಾ ಉಪ್ಪಾದರೆ ಬಿಸಿ ಡಿಸ್ಟಿಲ್ಡ್ ನೀರಿಗೆ ಬಿಡುತ್ತದೆ. ಸಯನ್ಯೂರಿಕ್ ಆಮ್ಲವಾಗಿ ಗಟ್ಟಿಯಾದದ್ದು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ.

ಬಿಸಿಲಿನದ್ದು ಇನ್ನೊಂದು ಕಥೆ. 25 ಡಿಗ್ರಿಯಲ್ಲಿಟ್ಟರೆ ಒಂದೂವರೆ ವರ್ಷ ಬಾಳುವ ಕ್ಯಾನು 35 ಡಿಗ್ರಿಗೆ ಆರು ತಿಂಗಳಿಗೆ ಇಳಿಯುತ್ತದೆ. ಬಳ್ಳಾರಿ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಎಷ್ಟಿರುತ್ತದೆ ಅಂತ ನಾನು ಹೇಳಬೇಕಿಲ್ಲ.

ಈ ನೀರಿಗೆ ದೇಶಗಳೂ ಒದ್ದಾಡಿವೆ. 2021ರ ಅಕ್ಟೋಬರ್‌ನಲ್ಲಿ ಚೀನಾ ಯೂರಿಯಾ ರಫ್ತಿಗೆ ಬಿಗಿ ಹಾಕಿದಾಗ ದಕ್ಷಿಣ ಕೊರಿಯಾದ ಲಾರಿಗಳೂ ಯಂತ್ರಗಳೂ ನಿಲ್ಲುವ ಸ್ಥಿತಿ ಬಂತು. ಅಲ್ಲಿನ ವಾಯುಪಡೆಯ ವಿಮಾನವೇ ಆಸ್ಟ್ರೇಲಿಯಾದಿಂದ 27,000 ಲೀಟರ್ ಹೊತ್ತು ತಂದಿತು. ಯುದ್ಧಕ್ಕೆ ಕಟ್ಟಿದ ವಿಮಾನ ಯೂರಿಯಾ ನೀರು ತಂದದ್ದನ್ನು ಕೇಳಿ ನಮ್ಮ ಶೆಡ್ಡಿನಲ್ಲಿ ಎಲ್ಲರೂ ನಕ್ಕೆವು. ಕೊರಿಯಾದವರಿಗೆ ನಗು ಬಂದಿರಲಾರದು.

2025ರ ಜನವರಿಯಿಂದ ಐದನೇ ಹಂತ ಬಂದಿದೆ. ಯೂರಿಯಾದ ಜೊತೆಗೆ ಈಗ ಮಸಿ ಹಿಡಿಯುವ ಫಿಲ್ಟರೂ ಸೇರಿಕೊಂಡಿದೆ. ಅದು ಆಗಾಗ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು, ಅಷ್ಟು ಹೊತ್ತು ಗಾಡಿ ಕಾಯಬೇಕು. ಟಿಪ್ಪರುಗಳು ಸಾಲಾಗಿ ಹಾರ್ನ್ ಹೊಡೆಯುತ್ತಿರುವಾಗ ಯಾವ ಆಪರೇಟರ್ ಕಾಯುತ್ತಾನೆ? ಬಟನ್ ಒತ್ತಿ ರದ್ದು ಮಾಡುತ್ತಾನೆ. ಆ ಫೋನುಗಳೆಲ್ಲ ಈಗ ನನ್ನ ಕೈಕೆಳಗೆ ಕಲಿತ ಹುಡುಗರಿಗೆ ಹೋಗುತ್ತಿವೆ.