ಯಾವ ಹಾಡನ್ನು ಆರಿಸೋಣ? ಎಸ್ಟೋನಿಯಾದ ಸಮೂಹಗಾನದ ಕಥೆ

ಶಾಲೆಯ ವಾರ್ಷಿಕೋತ್ಸವಕ್ಕೆ ಸಮೂಹಗಾನ ಸಿದ್ಧಪಡಿಸುವಾಗ ಮೊದಲು ಏಳುವ ಪ್ರಶ್ನೆ ನಿಮಗೆ ಗೊತ್ತೇ ಇದೆ: ಯಾವ ಹಾಡು? ತೀರ ಸುಲಭವಾದದ್ದನ್ನು ಆರಿಸಿದರೆ ಎರಡೇ ದಿನಕ್ಕೆ ಬೇಸರ. ತೀರ ಕಷ್ಟದ್ದನ್ನು ಆರಿಸಿದರೆ ಅರ್ಧ ತಂಡ ಅಭ್ಯಾಸಕ್ಕೇ ಬರುವುದಿಲ್ಲ. ಈ ಸಣ್ಣ ಪ್ರಶ್ನೆ ಒಂದು ಪುಟ್ಟ ದೇಶದ ಚರಿತ್ರೆಯಲ್ಲಿ ದೊಡ್ಡ ಪಾತ್ರ ವಹಿಸಿದೆ. ಆ ದೇಶ ಎಸ್ಟೋನಿಯಾ.

ಬಾಲ್ಟಿಕ್ ಸಮುದ್ರತೀರದ ಈ ನಾಡು 19ನೆಯ ಶತಮಾನದಲ್ಲಿ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಜಮೀನು, ಚರ್ಚು ಎರಡೂ ಜರ್ಮನ್ ಮಾತಾಡುವ ಮೇಲ್ವರ್ಗದ ಹಿಡಿತದಲ್ಲಿದ್ದವು. ಎಸ್ಟೋನಿಯನ್ ಮುಖ್ಯವಾಗಿ ರೈತಾಪಿ ಜನರ ನುಡಿ. ಅಲ್ಲಿನ ರೈತರ ಜೀತ ರದ್ದಾಗಿ 50 ವರ್ಷ ತುಂಬಿದ ನೆನಪಿಗೆಂದು ಪತ್ರಕರ್ತ ಯೊಹಾನ್ ವೊಲ್ದೆಮಾರ್ ಯಾನ್ಸೆನ್ 1869ರಲ್ಲಿ ತಾರ್ತು ನಗರದಲ್ಲಿ ಮೊದಲ ಗಾನೋತ್ಸವ ನಡೆಸಿದರು. ಹಾಡಿದವರು ಸುಮಾರು 800 ಮಂದಿ, ಎಲ್ಲರೂ ಗಂಡಸರು. ಹೆಂಗಸರಿಗೆ ಅಲ್ಲಿ ಜಾಗ ಸಿಕ್ಕಿದ್ದು 1891ರಲ್ಲಿ.

ಅಂದು ಹಾಡಿದ್ದೇನು? ಹೆಚ್ಚಿನವು ಜರ್ಮನ್ ಮೂಲದ ಗೀತೆಗಳು. ಎಸ್ಟೋನಿಯನ್ನರೇ ಬರೆದು ಎಸ್ಟೋನಿಯನ್ನರೇ ರಾಗ ಹಾಕಿದ್ದು ಎರಡೇ ಎರಡು. ಪದ ಕಟ್ಟಿದವಳು ಯಾನ್ಸೆನ್ನರ ಮಗಳು ಲೀಡಿಯಾ ಕೊಯಿದುಲಾ. ಆಗ ಅವಳಿಗೆ 25 ವರ್ಷ. ರಾಗ ಹಾಕಿದ ಅಲೆಕ್ಸಾಂದರ್ ಕುನಿಲೈದನಿಗೆ 23. ಜನರ ಮನಸ್ಸಿನಲ್ಲಿ ಉಳಿದದ್ದು ಈ ಎರಡು ಹಾಡುಗಳೇ.

ಇಲ್ಲಿ ಸ್ವಲ್ಪ ಭೌತಶಾಸ್ತ್ರವನ್ನೂ ನೆನೆಯಿರಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ನಿಮ್ಮಿಂದ 34 ಮೀಟರ್ ದೂರ ನಿಂತವನ ದನಿ ನಿಮಗೆ ತಲುಪಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಸಾವಿರಾರು ಜನ ಹಾಡುವಾಗ ಪ್ರತಿಯೊಬ್ಬನೂ ಕಿವಿಯನ್ನೇ ನಂಬಿದರೆ ತಾಳ ತಪ್ಪುತ್ತದೆ. ನಿರ್ದೇಶಕನ ಕೈಯನ್ನು ನೋಡಿ ಹಾಡಬೇಕು. ಆದ್ದರಿಂದಲೇ ದೊಡ್ಡ ಬಯಲಿಗೆ ಬಿರುಸಿನ ಹಾಡಿಗಿಂತ ಸ್ವರಗಳು ನೀಳವಾಗಿ ನಿಲ್ಲುವ, ನಿಧಾನಗತಿಯ ಹಾಡು ಒಪ್ಪುತ್ತದೆ.

1918ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಎಸ್ಟೋನಿಯಾ 1940ರಲ್ಲಿ ಸೋವಿಯತ್ ಒಕ್ಕೂಟದ ವಶವಾಯಿತು. ಉತ್ಸವ ನಿಲ್ಲಲಿಲ್ಲ, ಆದರೆ ಹಾಡುಗಳ ಪಟ್ಟಿ ಸರ್ಕಾರದ ಕೈಗೆ ಹೋಯಿತು. ಕೊಯಿದುಲಾಳ ಎರಡು ಹಾಡುಗಳಲ್ಲಿ ಒಂದಕ್ಕೆ, 'ನನ್ನ ನಾಡೇ ನನ್ನ ಪ್ರೀತಿ' ಎಂಬ ಅರ್ಥದ ಕವಿತೆಗೆ, ಗುಸ್ತಾವ್ ಎರ್ನೆಸಾಕ್ಸ್ 1944ರಲ್ಲಿ ಹೊಸ ರಾಗ ಹಾಕಿದ್ದರು. 1947ರಲ್ಲಿ ಹಾಡಿದ ಅದನ್ನು ಮುಂದಿನ ಉತ್ಸವದ ಹೊತ್ತಿಗೆ ಪಟ್ಟಿಯಿಂದ ತೆಗೆದರು. 1950ರಲ್ಲಿ ಮೂವರು ಪ್ರಮುಖ ನಿರ್ದೇಶಕರನ್ನೇ ಬಂಧಿಸಲಾಯಿತು. 1960ರ ಉತ್ಸವದಲ್ಲಿ ಗಾಯಕರು, ಪಟ್ಟಿಯಲ್ಲಿಲ್ಲದಿದ್ದರೂ, ಅದೇ ಹಾಡನ್ನು ತಾವಾಗಿಯೇ ಎತ್ತಿಕೊಂಡರು. ಮುಂದಿನ ಉತ್ಸವಗಳಲ್ಲಿ ಅದಕ್ಕೆ ಜಾಗ ಕೊಡಲೇಬೇಕಾಯಿತು. 1988ರ ಸೆಪ್ಟೆಂಬರ್ 11ರಂದು ರಾಜಧಾನಿ ತಾಲ್ಲಿನ್‌ನ ಗಾನಮೈದಾನದಲ್ಲಿ ಲಕ್ಷಾಂತರ ಜನ ಸೇರಿ ಹಾಡಿದರು. 1991ರ ಆಗಸ್ಟ್ 20ರಂದು ದೇಶ ಮತ್ತೆ ಸ್ವತಂತ್ರವಾಯಿತು. ಈ ಹೋರಾಟಕ್ಕೆ 'ಹಾಡುವ ಕ್ರಾಂತಿ' ಎಂಬ ಹೆಸರೇ ನಿಂತಿದೆ.

ಇಷ್ಟು ಕಾಲ ಆಸಕ್ತಿ ಉಳಿದದ್ದು ಹೇಗೆ? ದೊಡ್ಡ ಉತ್ಸವ ಸುಮಾರು 5 ವರ್ಷಕ್ಕೊಮ್ಮೆ. ಹಾಡುಗಳ ಪಟ್ಟಿ ಬಹಳ ಮುಂಚೆಯೇ ತಂಡಗಳ ಕೈ ಸೇರುತ್ತದೆ. ಹಾಡಿ ತೋರಿಸಿ ಆಯ್ಕೆಯಾದ ತಂಡಕ್ಕೆ ಮಾತ್ರ ಪ್ರವೇಶ. ಪಟ್ಟಿಯಲ್ಲಿ ಅಜ್ಜ-ಅಜ್ಜಿಯರು ಹಾಡಿದ್ದೂ ಇರುತ್ತದೆ, ಹೊಸದಾಗಿ ಬರೆಸಿದ್ದೂ ಇರುತ್ತದೆ. 1962ರಿಂದ ಮಕ್ಕಳು, ತರುಣರಿಗೆ ಬೇರೆಯೇ ಉತ್ಸವವಿದೆ. ಹಾಗಾಗಿ ದೊಡ್ಡವರ ಸಾಲಿಗೆ ಹೊಸ ದನಿಗಳ ಕೊರತೆಯಿಲ್ಲ.

ನಿಮ್ಮ ತಂಡಕ್ಕೂ ಹೀಗೆ ಮಾಡಿ ನೋಡಿ. ಎಲ್ಲರಿಗೂ ಬರುವ ಒಂದು ಹಾಡು, ಕಲಿಯಲು ಬೆವರಿಳಿಸುವ ಒಂದು ಹಾಡು, ನಿಮ್ಮದೇ ವಯಸ್ಸಿನವರು ಕಟ್ಟಿದ ಒಂದು ಹೊಸ ಹಾಡು, ಹೀಗೆ ಮೂರನ್ನು ಆರಿಸಿಕೊಳ್ಳಿ. ಆರಿಸುವ ಮುನ್ನ ಹಾಡುವವರನ್ನೂ ಒಂದು ಮಾತು ಕೇಳಿ.