ಡ್ರಾಪ್ಡ್ ಕರ್ಬ್

ಡ್ರಾಪ್ಡ್ ಕರ್ಬ್ ಎಂದರೆ ವಾಹನವು ರಸ್ತೆಯಿಂದ ಮನೆಯ ಆವರಣಕ್ಕೆ ಹೋಗಿಬರಲು ಅನುವಾಗುವಂತೆ ಪಾದಚಾರಿ ಮಾರ್ಗದ ಅಂಚುಗಲ್ಲನ್ನು ತಗ್ಗಿಸಿ, ಅದರ ಹಿಂದಿನ ನೆಲವನ್ನು ವಾಹನದ ಭಾರ ತಾಳುವಷ್ಟು ಗಟ್ಟಿಗೊಳಿಸಿದ ಭಾಗ. ರಸ್ತೆ ದಾಟುವ ಕಡೆಗಳಲ್ಲಿ ಗಾಲಿಕುರ್ಚಿಯವರಿಗಾಗಿ ತಗ್ಗಿಸಿದ ಅಂಚುಗಳಿಗೂ ಬ್ರಿಟನ್ನಿನಲ್ಲಿ ಇದೇ ಹೆಸರಿದೆ. ಈ ಲೇಖನವು ಮನೆಯ ಮುಂದಿನ ಅಂಚುಗಳಿಗೆ ಇಂಗ್ಲೆಂಡಿನಲ್ಲಿ ಅನುಮತಿ ಪಡೆಯುವ ಕ್ರಮವನ್ನು ಕುರಿತದ್ದು.

ಹಿನ್ನೆಲೆ

ಇಂಗ್ಲೆಂಡಿನ ನಗರಗಳಲ್ಲಿ ಕಾರುಗಳ ಕಾಲಕ್ಕೆ ಮೊದಲೇ ಕಟ್ಟಿದ ಸಾಲುಮನೆಗಳು ಹೇರಳವಾಗಿವೆ. ಅವುಗಳ ಮುಂದೆ ಚಿಕ್ಕ ಕೈತೋಟವಿರುತ್ತದೆಯೇ ಹೊರತು ವಾಹನ ನಿಲ್ಲಿಸುವ ಸ್ಥಳವಿರುವುದಿಲ್ಲ. ಕೈತೋಟವನ್ನು ನಿಲುಗಡೆಯಾಗಿ ಮಾರ್ಪಡಿಸುವ ಬಯಕೆ ಹಳೆಯದು. ಮನೆಯಲ್ಲಿಯೇ ವಿದ್ಯುತ್ ತುಂಬಿಸಬೇಕಾದ ಕಾರುಗಳು ಬಂದ ಮೇಲೆ ಅದು ಇನ್ನಷ್ಟು ಬಲವಾಗಿದೆ.

ಅನುಮತಿ

ಕೈತೋಟವು ಮನೆಯೊಡೆಯನದಾದರೂ ಅದರಾಚೆಯ ಪಾದಚಾರಿ ಮಾರ್ಗವು ಸಾರ್ವಜನಿಕ ಹೆದ್ದಾರಿಯ ಭಾಗ. ಆದುದರಿಂದ 1980ರ ಹೈವೇಸ್ ಆಕ್ಟ್‌ನ 184ನೆಯ ಕಲಮಿನಡಿ ಹೆದ್ದಾರಿ ಪ್ರಾಧಿಕಾರದ ಒಪ್ಪಿಗೆ ಅವಶ್ಯಕ. ರಸ್ತೆಯು ವರ್ಗೀಕೃತವಾಗಿದ್ದರೆ, ಕಟ್ಟಡವು ಸಂರಕ್ಷಿತ ಪಟ್ಟಿಯಲ್ಲಿದ್ದರೆ ಅಥವಾ ಮನೆಯು ಫ್ಲಾಟ್ ಆಗಿದ್ದರೆ, ಇದರ ಜೊತೆಗೆ ಯೋಜನಾ ಇಲಾಖೆಯ ಅನುಮತಿಯೂ ಸಾಮಾನ್ಯವಾಗಿ ಬೇಕಾಗುತ್ತದೆ. ಎರಡು ಹಂತದ ಸ್ಥಳೀಯ ಆಡಳಿತವಿರುವಲ್ಲಿ ಹೆದ್ದಾರಿಯು ಕೌಂಟಿ ಕೌನ್ಸಿಲ್‌ಗೂ ಯೋಜನೆಯು ಡಿಸ್ಟ್ರಿಕ್ಟ್ ಕೌನ್ಸಿಲ್‌ಗೂ ಸೇರಿರುವುದರಿಂದ ಅರ್ಜಿದಾರನು ಎರಡು ಕಚೇರಿಗಳ ಬಾಗಿಲು ತಟ್ಟಬೇಕು. ಒಂದರ ಒಪ್ಪಿಗೆಯು ಇನ್ನೊಂದರ ಒಪ್ಪಿಗೆಯಾಗುವುದಿಲ್ಲ ಎಂಬುದನ್ನು ಅನೇಕರು ಗಮನಿಸುವುದಿಲ್ಲ.

ನಿಲ್ಲಿಸಿದ ಕಾರಿನ ಬಾಲವು ಪಾದಚಾರಿ ಮಾರ್ಗದ ಮೇಲೆ ಚಾಚಬಾರದು. ಆದ್ದರಿಂದ ಆವರಣಕ್ಕೆ ಸುಮಾರು 4.8 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಆಳವಿರಬೇಕೆಂದು ಅನೇಕ ಕೌನ್ಸಿಲ್‌ಗಳು ಕೇಳುತ್ತವೆ. ಕೂಡುರಸ್ತೆ, ತಿರುವು, ಬಸ್ ನಿಲ್ದಾಣಗಳ ಸಾಮೀಪ್ಯ ಹಾಗೂ ಬೀದಿಮರಗಳು ನಿರಾಕರಣೆಗೆ ಕಾರಣವಾಗಬಹುದು. ಕೆಲಸವನ್ನು ಕೌನ್ಸಿಲ್ ಅಥವಾ ಅದು ಒಪ್ಪಿದ ಗುತ್ತಿಗೆದಾರರೇ ಮಾಡಬೇಕು. ವೆಚ್ಚವೆಲ್ಲ ಅರ್ಜಿದಾರನದು, ದೀಪದ ಕಂಬವನ್ನೋ ನೆಲದಡಿಯ ಕೇಬಲ್ಲನ್ನೋ ಸರಿಸಬೇಕಾದರೆ ಅದೂ ಅವನ ತಲೆಗೇ ಬರುತ್ತದೆ. ಅನುಮತಿಯಿಲ್ಲದೆ ಅಂಚಿನ ಮೇಲೆ ಕಾರು ಹತ್ತಿಸುವುದನ್ನು ರೂಢಿ ಮಾಡಿಕೊಂಡವರಿಗೆ ಕೌನ್ಸಿಲ್ ನೋಟಿಸ್ ಕೊಟ್ಟು, ತಾನೇ ಅಂಚು ತಗ್ಗಿಸಿ ಖರ್ಚನ್ನು ವಸೂಲು ಮಾಡಬಹುದು.

ಕೈತೋಟದ ನೆಲ

2007ರ ಬೇಸಿಗೆಯ ಪ್ರವಾಹಗಳ ತರುವಾಯ ನಿಯಮ ಬಿಗಿಯಾಯಿತು. 2008ರ ಅಕ್ಟೋಬರ್ 1ರಿಂದ, ಮನೆಯ ಮುಂದೆ 5 ಚದರ ಮೀಟರಿಗಿಂತ ಹೆಚ್ಚಿನ ಜಾಗಕ್ಕೆ ನೀರಿಂಗದ ಹಾಸು ಹಾಕಲು ಯೋಜನಾ ಅನುಮತಿ ಬೇಕು. ಜಲ್ಲಿ ಅಥವಾ ನೀರಿಂಗುವ ಇಟ್ಟಿಗೆ ಹಾಸಿದರೆ, ಇಲ್ಲವೇ ಮಳೆನೀರನ್ನು ಸ್ವಂತ ಆವರಣದ ಮಣ್ಣಿಗೇ ಹರಿಸಿದರೆ, ಅದು ಬೇಡ. ಅಂಚುಗಲ್ಲಿಗೆ ದೊರೆತ ಒಪ್ಪಿಗೆಯು ಈ ಹಾಸಿಗೆ ಅನ್ವಯಿಸುವುದಿಲ್ಲ.

ಹಕ್ಕುಗಳು

ಹಣ ಕೊಟ್ಟು ತಗ್ಗಿಸಿದ ಮಾತ್ರಕ್ಕೆ ಆ ಭಾಗವು ಮನೆಯೊಡೆಯನ ಸ್ವತ್ತಾಗುವುದಿಲ್ಲ. ಬೀದಿಯಲ್ಲಿ ಎಲ್ಲರೂ ಬಳಸಬಹುದಾಗಿದ್ದ ಒಂದು ನಿಲುಗಡೆಯು ಒಬ್ಬರ ಪ್ರವೇಶದ್ವಾರವಾಗಿ ಮಾರ್ಪಡುವುದರಿಂದ ನೆರೆಹೊರೆಯವರ ಆಕ್ಷೇಪವು ಅಸಹಜವೇನಲ್ಲ. ಗಾಲಿಕುರ್ಚಿಯವರಿಗೂ ಕೂಸುಗಾಡಿ ತಳ್ಳುವವರಿಗೂ ಹೆಜ್ಜೆಹೆಜ್ಜೆಗೆ ಎದುರಾಗುವ ಓರೆಯು ತೊಡಕೇ ಸರಿ.

ತಗ್ಗಿಸಿದ ಅಂಚಿಗೆ ಅಡ್ಡವಾಗಿ ವಾಹನ ನಿಲ್ಲಿಸುವುದನ್ನು 2004ರ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಆಕ್ಟ್‌ನ 86ನೆಯ ಕಲಮು ನಿಷೇಧಿಸುತ್ತದೆ. ಒಂದೇ ಮನೆಗೆ ಸೇರಿದ ದಾರಿಯಾದರೆ ನಿವಾಸಿಯ ಸಮ್ಮತಿಯಿಂದ ನಿಲ್ಲಿಸಬಹುದು. ಆದರೆ ಆ ಸಮ್ಮತಿಯನ್ನು ಹಣಕ್ಕೆ ಮಾರುವಂತಿಲ್ಲ. ಅಂಚಿನ ಮುಂದೆ ಬಳಿಯುವ ಎಚ್ ಆಕಾರದ ಬಿಳಿ ಗೆರೆಯು ಸೂಚನೆ ಮಾತ್ರವಾಗಿದ್ದು, ತಾನಾಗಿಯೇ ದಂಡಕ್ಕೆ ಆಧಾರವಾಗುವುದಿಲ್ಲ.